ಜಾಕ್ ಸ್ಟೀನ್

ಜಾನ್ "ಜಾಕ್" ಸ್ಟೀನ್ (5 ಅಕ್ಟೋಬರ್ 1922 – 10 ಸೆಪ್ಟೆಂಬರ್ 1985) ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಮತ್ತು ವ್ಯವಸ್ಥಾಪಕರಾಗಿದ್ದರು. ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬಿನ ವ್ಯವಸ್ಥಾಪಕರಾಗಿ 1967ರಲ್ಲಿ ಅವರು ಯುರೋಪಿಯನ್ ಕಪ್ ಗೆದ್ದರು. ಬ್ರಿಟನ್ನಿನ ಕ್ಲಬ್ಬೊಂದು ಆ ಪ್ರಶಸ್ತಿಯನ್ನು ಗೆದ್ದದ್ದು ಅದೇ ಮೊದಲು. 1966ರಿಂದ 1974ರವರೆಗೆ ಅವರ ತಂಡವು ಸತತ ಒಂಬತ್ತು ಬಾರಿ ಸ್ಕಾಟಿಷ್ ಲೀಗ್ ಚಾಂಪಿಯನ್ ಆಯಿತು. ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಹೊಣೆಯನ್ನು ಸ್ಟೀನ್ ಎರಡು ಬಾರಿ ವಹಿಸಿಕೊಂಡರು: 1965ರಲ್ಲಿ ಸೆಲ್ಟಿಕ್ ಹುದ್ದೆಯಲ್ಲಿದ್ದುಕೊಂಡೇ ತಾತ್ಕಾಲಿಕವಾಗಿ, 1978ರಿಂದ ಪೂರ್ಣಾವಧಿಗೆ. ಎರಡನೆಯ ಅವಧಿಯಲ್ಲಿ, ವಿಶ್ವಕಪ್ ಅರ್ಹತಾ ಪಂದ್ಯವೊಂದರ ಕೊನೆಯಲ್ಲಿ ಕುಸಿದುಬಿದ್ದು ಅವರು ನಿಧನರಾದರು.

ಆರಂಭಿಕ ಜೀವನ

ಸ್ಟೀನ್ ಅವರು ಲಾನಾರ್ಕ್‌ಷೈರ್ ಪ್ರಾಂತ್ಯದ ಹ್ಯಾಮಿಲ್ಟನ್ ಪಟ್ಟಣಕ್ಕೆ ಸೇರಿದ ಬರ್ನ್‌ಬ್ಯಾಂಕ್‌ನಲ್ಲಿ ಜನಿಸಿದರು. ಅದು ಕಲ್ಲಿದ್ದಲು ಗಣಿಗಳ ಸೀಮೆ. ಶಾಲೆ ಬಿಟ್ಟ ಬಳಿಕ ಅವರು ಸ್ವಲ್ಪ ಕಾಲ ಜಮಖಾನೆ ಕಾರ್ಖಾನೆಯೊಂದರಲ್ಲಿ ದುಡಿದು, ನಂತರ ಗಣಿಗೆ ಇಳಿದರು. ಬ್ಲಾಂಟೈರ್ ವಿಕ್ಟೋರಿಯಾ ಎಂಬ ಕಿರಿಯ ದರ್ಜೆಯ ತಂಡದಲ್ಲಿ ಆಡಿದ ಮೇಲೆ 1942ರಲ್ಲಿ ಆಲ್ಬಿಯನ್ ರೋವರ್ಸ್ ಸೇರಿದರು. ವಾರದ ದಿನಗಳಲ್ಲಿ ಗಣಿ ಕೆಲಸ, ಶನಿವಾರ ಪಂದ್ಯ ಎಂಬಂತೆ ಎಂಟು ವರ್ಷ ಕಳೆದವು. 1946ರಲ್ಲಿ ಜೀನ್ ಮ್ಯಾಕ್‌ಆಲಿ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಮಕ್ಕಳು.

ಆಟಗಾರನಾಗಿ

1950ರಲ್ಲಿ ಸ್ಟೀನ್ ವೇಲ್ಸ್‌ನ ಲಾನೆಲ್ಲಿ ಕ್ಲಬ್ಬಿಗೆ ತೆರಳಿ ಪೂರ್ಣಾವಧಿ ವೃತ್ತಿಪರ ಆಟಗಾರರಾದರು. ಅವರು ದೂರದಲ್ಲಿದ್ದಾಗ ಹ್ಯಾಮಿಲ್ಟನ್‌ನ ಮನೆಯಲ್ಲಿ ಎರಡು ಬಾರಿ ಕಳ್ಳತನವಾಯಿತು. ಊರಿಗೆ ಮರಳುವ ಯೋಚನೆಯಲ್ಲಿದ್ದ ಅವರನ್ನು 1951ರ ಡಿಸೆಂಬರಿನಲ್ಲಿ ಸೆಲ್ಟಿಕ್ 1,200 ಪೌಂಡುಗಳಿಗೆ ಕೊಂಡುಕೊಂಡಿತು. ಮೀಸಲು ತಂಡದ ಯುವ ಆಟಗಾರರಿಗೆ ಮಾರ್ಗದರ್ಶನ ನೀಡುವುದು ಕ್ಲಬ್ಬಿನ ಉದ್ದೇಶವಾಗಿತ್ತು. ಆದರೆ ಮೊದಲ ತಂಡದ ರಕ್ಷಣಾ ಆಟಗಾರರು ಗಾಯಗೊಂಡದ್ದರಿಂದ ಸ್ಟೀನ್‌ಗೆ ಅಲ್ಲಿ ಸ್ಥಾನ ದೊರೆಯಿತು. ಮುಂದೆ ಅವರೇ ತಂಡದ ನಾಯಕರಾದರು. ಅವರ ನಾಯಕತ್ವದಲ್ಲಿ ಸೆಲ್ಟಿಕ್ 1953ರ ಕರೋನೇಷನ್ ಕಪ್ಪನ್ನೂ 1953–54ರ ಋತುವಿನಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದಿತು. ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಪರವಾಗಿ ಆಡುವ ಅವಕಾಶ ಮಾತ್ರ ಅವರಿಗೆ ಒಮ್ಮೆಯೂ ದೊರೆಯಲಿಲ್ಲ.

1954ರ ಬೇಸಿಗೆಯಲ್ಲಿ ಸೆಲ್ಟಿಕ್ ತನ್ನ ಆಟಗಾರರನ್ನು ವಿಶ್ವಕಪ್ ವೀಕ್ಷಣೆಗಾಗಿ ಸ್ವಿಟ್ಜರ್ಲೆಂಡಿಗೆ ಕಳುಹಿಸಿತು. ಆ ಕೂಟದಲ್ಲಿ ಸ್ಕಾಟ್ಲೆಂಡ್ ತಂಡದ ಹೊಣೆ ಹೊತ್ತಿದ್ದವರು ಆ್ಯಂಡಿ ಬೀಟಿ. ಅವರು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಟೌನ್ ಕ್ಲಬ್ಬಿನ ವ್ಯವಸ್ಥಾಪಕರಾಗಿದ್ದು, ದೇಶದ ತಂಡವನ್ನು ಬಿಡುವಿನ ವೇಳೆಯ ಕೆಲಸವಾಗಿ ನೋಡಿಕೊಳ್ಳುತ್ತಿದ್ದರು. ಮೊದಲ ಪಂದ್ಯದ ನಂತರ ಬೀಟಿ ರಾಜೀನಾಮೆ ನೀಡಿದರು. ಎರಡನೆಯ ಪಂದ್ಯದಲ್ಲಿ ಸ್ಕಾಟ್ಲೆಂಡ್ ಉರುಗ್ವೆ ಎದುರು 0–7ರಿಂದ ಸೋತಿತು. ಸಿದ್ಧತೆಯಿಲ್ಲದೆ ಕಣಕ್ಕಿಳಿದ ತಂಡದ ಪಾಡನ್ನು ಸ್ಟೀನ್ ಪ್ರೇಕ್ಷಕರ ನಡುವೆ ಕುಳಿತು ಕಂಡರು.

ಪಾದದ ಕೀಲಿನ ಗಾಯದಿಂದಾಗಿ 1957ರಲ್ಲಿ ಅವರು ಆಟದಿಂದ ನಿವೃತ್ತರಾದರು.

ಕ್ಲಬ್ ವ್ಯವಸ್ಥಾಪಕನಾಗಿ

ನಿವೃತ್ತಿಯ ನಂತರ ಸ್ಟೀನ್ ಸೆಲ್ಟಿಕ್‌ನ ಮೀಸಲು ತಂಡಕ್ಕೆ ತರಬೇತಿ ನೀಡಿದರು. 1960ರ ಮಾರ್ಚ್‌ನಲ್ಲಿ ಡನ್‌ಫರ್ಮ್‌ಲಿನ್ ಅಥ್ಲೆಟಿಕ್ ಅವರನ್ನು ವ್ಯವಸ್ಥಾಪಕರನ್ನಾಗಿ ನೇಮಿಸಿತು. ಕೆಳದರ್ಜೆಗೆ ಇಳಿಯುವ ಅಂಚಿನಲ್ಲಿದ್ದ ಆ ಚಿಕ್ಕ ಕ್ಲಬ್ ಮರುವರ್ಷವೇ ಸ್ಕಾಟಿಷ್ ಕಪ್ ಗೆದ್ದಿತು. ಮರುಪಂದ್ಯದವರೆಗೆ ಹೋದ ಆ ಅಂತಿಮ ಹಣಾಹಣಿಯಲ್ಲಿ 2–0ರಿಂದ ಸೋತ ತಂಡ ಸೆಲ್ಟಿಕ್. 1964ರಲ್ಲಿ ಎಡಿನ್‌ಬರೋದ ಹೈಬರ್ನಿಯನ್ ಕ್ಲಬ್ಬಿಗೆ ಹೋದ ಸ್ಟೀನ್, ಒಂದು ವರ್ಷ ತುಂಬುವ ಮೊದಲೇ, 1965ರ ಮಾರ್ಚ್‌ನಲ್ಲಿ, ಸೆಲ್ಟಿಕ್‌ಗೆ ವ್ಯವಸ್ಥಾಪಕರಾಗಿ ಮರಳಿದರು.

ಐರಿಷ್ ಕ್ಯಾಥೊಲಿಕ್ ವಲಸಿಗರ ನಡುವೆ ಹುಟ್ಟಿದ ಸೆಲ್ಟಿಕ್‌ಗೆ ಸ್ಟೀನ್ ಮೊದಲ ಪ್ರೊಟೆಸ್ಟೆಂಟ್ ವ್ಯವಸ್ಥಾಪಕರು. ಅಲ್ಲಿಯವರೆಗೆ ತಂಡದ ಆಯ್ಕೆಯಲ್ಲಿ ಕ್ಲಬ್ಬಿನ ಅಧ್ಯಕ್ಷರ ಮಾತೂ ನಡೆಯುತ್ತಿತ್ತು. ಆಯ್ಕೆಯ ಸಂಪೂರ್ಣ ಅಧಿಕಾರ ತಮ್ಮದಾಗಿರಬೇಕೆಂಬ ಷರತ್ತಿನ ಮೇಲೆ ಸ್ಟೀನ್ ಹುದ್ದೆಯನ್ನು ಒಪ್ಪಿಕೊಂಡರು. ಏಪ್ರಿಲ್‌ನಲ್ಲಿ ಡನ್‌ಫರ್ಮ್‌ಲಿನ್ ತಂಡವನ್ನು 3–2ರಿಂದ ಮಣಿಸಿ ಸೆಲ್ಟಿಕ್ ಸ್ಕಾಟಿಷ್ ಕಪ್ ಗೆದ್ದಿತು. 1957ರ ನಂತರ ಕ್ಲಬ್ಬಿಗೆ ದೊರೆತ ಮೊದಲ ಪ್ರಮುಖ ಪ್ರಶಸ್ತಿ ಅದು.

1965: ಎರಡು ತಂಡಗಳ ಹೊಣೆ

ಸೆಲ್ಟಿಕ್‌ಗೆ ಬಂದು ಮೂರು ತಿಂಗಳು ತುಂಬುವಷ್ಟರಲ್ಲಿ ರಾಷ್ಟ್ರೀಯ ತಂಡದ ಕರೆ ಬಂದಿತು. 1966ರ ವಿಶ್ವಕಪ್ ಇಂಗ್ಲೆಂಡಿನಲ್ಲಿ ನಡೆಯಲಿದ್ದು, ಅರ್ಹತಾ ಸುತ್ತಿನಲ್ಲಿ ಸ್ಕಾಟ್ಲೆಂಡ್ ತಂಡವು ಇಟಲಿ, ಪೋಲೆಂಡ್ ಮತ್ತು ಫಿನ್‌ಲೆಂಡ್‌ಗಳೊಂದಿಗೆ ಒಂದೇ ಗುಂಪಿನಲ್ಲಿತ್ತು. ಗುಂಪಿನ ಮೊದಲ ಸ್ಥಾನದವರಿಗೆ ಮಾತ್ರ ಪ್ರವೇಶ. ಮೇ ತಿಂಗಳಲ್ಲಿ ವ್ಯವಸ್ಥಾಪಕ ಇಯಾನ್ ಮೆಕಾಲ್ ಹುದ್ದೆಯಿಂದ ನಿರ್ಗಮಿಸಿದಾಗ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆಯು ಸ್ಟೀನ್ ಅವರನ್ನು ಕೇಳಿಕೊಂಡಿತು. ಅವರು ಕ್ಲಬ್ಬನ್ನು ಬಿಡದೆ, ಅರ್ಹತಾ ಪಂದ್ಯಗಳು ಮುಗಿಯುವವರೆಗೆ ಮಾತ್ರ ತಂಡವನ್ನು ನೋಡಿಕೊಳ್ಳಲು ಒಪ್ಪಿದರು.

ಮೇ ತಿಂಗಳ ಪ್ರವಾಸದಲ್ಲಿ ಪೋಲೆಂಡ್ ಎದುರು 1–1ರ ಸಮಬಲ, ಫಿನ್‌ಲೆಂಡ್ ಎದುರು 2–1ರ ಗೆಲುವು ದೊರೆತವು. ನಿರ್ಣಾಯಕವಾದದ್ದು ಶರತ್ಕಾಲ. ಅಕ್ಟೋಬರ್ 13ರಂದು ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರ ಎದುರು ಪೋಲೆಂಡ್ ವಿರುದ್ಧ ಸೆಲ್ಟಿಕ್ ನಾಯಕ ಬಿಲ್ಲಿ ಮೆಕ್‌ನೀಲ್ ಗೋಲು ಗಳಿಸಿದರು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಪೋಲೆಂಡ್ ಎರಡು ಗೋಲು ಹೊಡೆದು ಗೆದ್ದಿತು. ಹತ್ತು ದಿನಗಳ ನಂತರ ಅದೇ ಮೈದಾನದಲ್ಲಿ ಸ್ಟೀನ್ ಅವರ ಸೆಲ್ಟಿಕ್, ರೇಂಜರ್ಸ್ ತಂಡವನ್ನು 2–1ರಿಂದ ಸೋಲಿಸಿ ಲೀಗ್ ಕಪ್ ತನ್ನದಾಗಿಸಿಕೊಂಡಿತು. ನವೆಂಬರ್ 9ರಂದು ಜಾನ್ ಗ್ರೆಗ್ ಅವರ ಕೊನೆಗಳಿಗೆಯ ಗೋಲಿನಿಂದ ಸ್ಕಾಟ್ಲೆಂಡ್ ಇಟಲಿಯನ್ನು 1–0ರಿಂದ ಮಣಿಸಿದಾಗ ಆಸೆ ಮತ್ತೆ ಚಿಗುರಿತು. ಆದರೆ ಡಿಸೆಂಬರ್ 7ರಂದು ನೇಪಲ್ಸ್‌ನಲ್ಲಿ ನಡೆದ ಮರುಹಣಾಹಣಿಗೆ ಡೆನಿಸ್ ಲಾ ಸೇರಿದಂತೆ ಹಲವು ಪ್ರಮುಖ ಆಟಗಾರರು ಲಭ್ಯರಾಗಲಿಲ್ಲ. ಇಟಲಿ 3–0ರಿಂದ ಗೆದ್ದು ವಿಶ್ವಕಪ್‌ಗೆ ಹೋಯಿತು.

ಏಳು ಪಂದ್ಯಗಳ ಆ ಅವಧಿಯಲ್ಲಿ ಮೂರು ಗೆಲುವು, ಒಂದು ಸಮಬಲ, ಮೂರು ಸೋಲು ದಾಖಲಾದವು. ಸ್ಟೀನ್ ರಾಷ್ಟ್ರೀಯ ತಂಡವನ್ನು ಬಿಟ್ಟು ಸಂಪೂರ್ಣವಾಗಿ ಕ್ಲಬ್ಬಿನ ಕೆಲಸಕ್ಕೆ ಮರಳಿದರು.

ಲಿಸ್ಬನ್ ಮತ್ತು ನಂತರ

ಆ ಋತುವಿನ ಕೊನೆಗೆ, 1966ರಲ್ಲಿ, ಸೆಲ್ಟಿಕ್ ಹನ್ನೆರಡು ವರ್ಷಗಳ ಬಳಿಕ ಲೀಗ್ ಚಾಂಪಿಯನ್ ಆಯಿತು. ಮರುವರ್ಷ ಮೇ 25ರಂದು ಲಿಸ್ಬನ್‌ನಲ್ಲಿ ನಡೆದ ಯುರೋಪಿಯನ್ ಕಪ್ ಅಂತಿಮ ಪಂದ್ಯದಲ್ಲಿ ಇಂಟರ್ ಮಿಲಾನ್ ತಂಡವು ಪೆನಾಲ್ಟಿಯ ಮೂಲಕ ಮುನ್ನಡೆ ಸಾಧಿಸಿ, ತನ್ನ ಹೆಸರಾಂತ ರಕ್ಷಣಾ ವ್ಯೂಹಕ್ಕೆ ಮೊರೆಹೋಯಿತು. ಸೆಲ್ಟಿಕ್ ಎಡೆಬಿಡದೆ ದಾಳಿ ನಡೆಸಿ, ಟಾಮಿ ಗೆಮ್ಮೆಲ್ ಮತ್ತು ಸ್ಟೀವಿ ಚಾಮರ್ಸ್ ಅವರ ಗೋಲುಗಳಿಂದ 2–1ರ ಗೆಲುವು ಪಡೆಯಿತು. ತಂಡದ ಎಲ್ಲ ಆಟಗಾರರೂ ಸೆಲ್ಟಿಕ್ ಮೈದಾನದಿಂದ ಸುಮಾರು 30 ಮೈಲಿಗಳ ಒಳಗೆ ಹುಟ್ಟಿದವರು. ಅವರಲ್ಲಿ ಹಲವರಿಗೆ ಸ್ಟೀನ್ ಮೀಸಲು ತಂಡದ ದಿನಗಳಿಂದಲೇ ತರಬೇತಿ ನೀಡಿದ್ದರು.

1970ರಲ್ಲಿ ಸೆಲ್ಟಿಕ್ ಮತ್ತೆ ಅಂತಿಮ ಪಂದ್ಯ ತಲುಪಿ ಫೆಯೆನೋರ್ಡ್ ಎದುರು ಹೆಚ್ಚುವರಿ ಅವಧಿಯಲ್ಲಿ ಸೋತಿತು. ಅದೇ ವರ್ಷ ಸ್ಟೀನ್ ಅವರಿಗೆ ಸಿ.ಬಿ.ಇ. ಗೌರವ ಸಂದಿತು. 1971ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ನೀಡಿದ ಆಹ್ವಾನವನ್ನು ಅವರು ನಿರಾಕರಿಸಿದರು. 1975ರ ಜುಲೈನಲ್ಲಿ ಲಾಕರ್‌ಬಿ ಸಮೀಪ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು ಸುಮಾರು ಒಂದು ಋತು ಕೆಲಸದಿಂದ ದೂರವಿದ್ದರು. ಮರಳಿದ ಮೇಲೆ 1977ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಗೆದ್ದರು. ಆ ಬೇಸಿಗೆಯಲ್ಲಿ ಕೆನ್ನಿ ಡಾಲ್ಗ್ಲಿಷ್ ಲಿವರ್‌ಪೂಲ್‌ಗೆ ಹೋದರು. ಮುಂದಿನ ಋತುವಿನಲ್ಲಿ ಸೆಲ್ಟಿಕ್ ಐದನೆಯ ಸ್ಥಾನಕ್ಕೆ ಕುಸಿಯಿತು. 1978ರಲ್ಲಿ ಸ್ಟೀನ್ ಅವರ ಸ್ಥಾನಕ್ಕೆ ಬಿಲ್ಲಿ ಮೆಕ್‌ನೀಲ್ ಬಂದರು.

1978: ಲೀಡ್ಸ್‌ನಿಂದ ರಾಷ್ಟ್ರೀಯ ತಂಡಕ್ಕೆ

ಸೆಲ್ಟಿಕ್ ಆಡಳಿತವು ಸ್ಟೀನ್ ಅವರಿಗೆ ನಿರ್ದೇಶಕ ಸ್ಥಾನ ನೀಡಲು ಮುಂದಾಯಿತು. ಹಣ ಸಂಗ್ರಹಣೆಗೆ ಸಂಬಂಧಿಸಿದ ಆ ಕೆಲಸ ಆಟದ ಮೈದಾನದಿಂದ ದೂರವಾದದ್ದು. ಅದನ್ನು ಒಪ್ಪದೆ ಅವರು ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಸೇರಿದರು.

ಆ ಹೊತ್ತಿಗೆ ಸ್ಕಾಟ್ಲೆಂಡಿನ ರಾಷ್ಟ್ರೀಯ ತಂಡ ಕಷ್ಟದಲ್ಲಿತ್ತು. ಅಬರ್ಡೀನ್ ಕ್ಲಬ್ಬನ್ನು ಬಿಟ್ಟು 1977ರಲ್ಲಿ ರಾಷ್ಟ್ರೀಯ ತಂಡದ ವ್ಯವಸ್ಥಾಪಕರಾಗಿದ್ದ ಆ್ಯಲಿ ಮೆಕ್‌ಲೌಡ್ ಅಪಾರ ನಿರೀಕ್ಷೆಯೊಂದಿಗೆ ತಂಡವನ್ನು ಅರ್ಜೆಂಟೀನಾ ವಿಶ್ವಕಪ್‌ಗೆ ಕರೆದೊಯ್ದಿದ್ದರು. ಅಲ್ಲಿ ಪೆರು ಎದುರು ಸೋಲು, ಇರಾನ್ ಎದುರು ಸಮಬಲ. ನೆದರ್ಲೆಂಡ್ಸ್ ವಿರುದ್ಧದ 3–2ರ ಗೆಲುವು ತಂಡವನ್ನು ಉಳಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೆಕ್‌ಲೌಡ್ ರಾಜೀನಾಮೆ ನೀಡಿ ಏರ್ ಯುನೈಟೆಡ್ ಕ್ಲಬ್ಬಿಗೆ ಮರಳಿದರು.

ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ಮತ್ತೆ ಸ್ಟೀನ್ ಕಡೆಗೆ ತಿರುಗಿತು. ಅವರು ಲೀಡ್ಸ್‌ನೊಂದಿಗೆ ಲಿಖಿತ ಒಪ್ಪಂದಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. 44 ದಿನಗಳಲ್ಲಿ ಹತ್ತು ಪಂದ್ಯಗಳನ್ನು ಮುಗಿಸಿ, ಅಕ್ಟೋಬರ್ 4ರಂದು ಅವರು ರಾಷ್ಟ್ರೀಯ ತಂಡದ ಪೂರ್ಣಾವಧಿ ವ್ಯವಸ್ಥಾಪಕರಾದರು. 1965ರಲ್ಲಿ ಕಟ್ಟಬೇಕಾದ ಕ್ಲಬ್ಬೊಂದು ಅವರ ಕೈಯಲ್ಲಿತ್ತು. 1978ರಲ್ಲಿ ಹದಿಮೂರು ವರ್ಷ ಕಟ್ಟಿದ ಕ್ಲಬ್ ಅವರ ಕೈಬಿಟ್ಟಿತ್ತು.

ರಾಷ್ಟ್ರೀಯ ತಂಡದ ವ್ಯವಸ್ಥಾಪಕನಾಗಿ

ಕ್ಲಬ್ಬಿನಲ್ಲಿ ಸ್ಟೀನ್ ಆಟಗಾರರೊಂದಿಗೆ ದಿನನಿತ್ಯ ತರಬೇತಿ ಮೈದಾನದಲ್ಲಿರುತ್ತಿದ್ದರು. ಅವರ ಮನೆವಾರ್ತೆ, ಅಭ್ಯಾಸಗಳು, ದೌರ್ಬಲ್ಯಗಳೆಲ್ಲವೂ ಅವರಿಗೆ ತಿಳಿದಿರುತ್ತಿದ್ದವು. ತಂಡದಲ್ಲಿ ಕೊರತೆ ಕಂಡರೆ ಹೊಸ ಆಟಗಾರನನ್ನು ಕೊಳ್ಳಬಹುದಿತ್ತು. ರಾಷ್ಟ್ರೀಯ ತಂಡದಲ್ಲಿ ಪಂದ್ಯಕ್ಕೆ ಕೆಲವು ದಿನ ಮೊದಲು ಮಾತ್ರ ಆಟಗಾರರು ಒಟ್ಟುಗೂಡುತ್ತಿದ್ದರು. ಅವರಲ್ಲಿ ಅನೇಕರು ಇಂಗ್ಲಿಷ್ ಕ್ಲಬ್ಬುಗಳಲ್ಲಿದ್ದು, ಗಾಯಗೊಂಡರೆ ತಂಡಕ್ಕೆ ಬರುತ್ತಿರಲಿಲ್ಲ. ಈ ಅಂತರವನ್ನು ತುಂಬಲು ಸ್ಟೀನ್ ಸೇವೆಯಲ್ಲಿದ್ದ ಕ್ಲಬ್ ವ್ಯವಸ್ಥಾಪಕರನ್ನೇ ಸಹಾಯಕರನ್ನಾಗಿ ಆರಿಸಿಕೊಂಡರು: ಮೊದಲು ಡಂಡೀ ಯುನೈಟೆಡ್‌ನ ಜಿಮ್ ಮೆಕ್ಲೀನ್, ನಂತರ ಅಬರ್ಡೀನ್‌ನ ಆಲೆಕ್ಸ್ ಫರ್ಗ್ಯುಸನ್.

1980ರ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ತಂಡ ಅರ್ಹತೆ ಪಡೆಯಲಿಲ್ಲ. 1982ರ ವಿಶ್ವಕಪ್‌ಗೆ ಗುಂಪಿನ ಮೊದಲ ಸ್ಥಾನದೊಂದಿಗೆ ಪ್ರವೇಶಿಸಿತು. ಸ್ಪೇನ್‌ನಲ್ಲಿ ನಡೆದ ಆ ಕೂಟದಲ್ಲಿ ಸ್ಕಾಟ್ಲೆಂಡ್ ನ್ಯೂಜಿಲೆಂಡನ್ನು 5–2ರಿಂದ ಸೋಲಿಸಿತು. ಬ್ರೆಜಿಲ್ ವಿರುದ್ಧ ಮೊದಲು ಗೋಲು ಗಳಿಸಿಯೂ 1–4ರಿಂದ ಸೋತಿತು. ಸೋವಿಯತ್ ಒಕ್ಕೂಟದ ವಿರುದ್ಧ ಗೆಲ್ಲಲೇಬೇಕಾಗಿದ್ದ ಪಂದ್ಯದಲ್ಲಿ ರಕ್ಷಣಾ ಆಟಗಾರರಾದ ಅಲನ್ ಹ್ಯಾನ್ಸನ್ ಮತ್ತು ವಿಲ್ಲಿ ಮಿಲ್ಲರ್ ಪರಸ್ಪರ ಡಿಕ್ಕಿಯಾದ ಕ್ಷಣದಲ್ಲಿ ಎದುರಾಳಿಗೆ ಗೋಲು ದಕ್ಕಿತು. ಪಂದ್ಯ 2–2ರಲ್ಲಿ ಮುಗಿದು, ಗೋಲುಗಳ ಅಂತರದಿಂದ ಸ್ಕಾಟ್ಲೆಂಡ್ ಹೊರಬಿದ್ದಿತು. ಸತತ ಮೂರನೆಯ ವಿಶ್ವಕಪ್‌ನಲ್ಲಿ ತಂಡಕ್ಕೆ ಅದೇ ಗತಿಯಾಯಿತು. 1984ರ ಯುರೋಪಿಯನ್ ಚಾಂಪಿಯನ್‌ಶಿಪ್‌ಗೂ ಅರ್ಹತೆ ಸಿಗಲಿಲ್ಲ.

ನಿಧನ

1986ರ ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಸ್ಕಾಟ್ಲೆಂಡ್ ಸ್ಪೇನ್, ವೇಲ್ಸ್ ಮತ್ತು ಐಸ್‌ಲೆಂಡ್‌ಗಳೊಂದಿಗಿತ್ತು. 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್‌ನ ನಿನಿಯನ್ ಪಾರ್ಕ್‌ನಲ್ಲಿ ವೇಲ್ಸ್ ವಿರುದ್ಧ ಕೊನೆಯ ಪಂದ್ಯ. ಓಷಿಯಾನಿಯಾ ವಲಯದ ವಿಜೇತರೊಂದಿಗಿನ ಪ್ಲೇಆಫ್ ತಲುಪಲು ಸ್ಕಾಟ್ಲೆಂಡಿಗೆ ಸಮಬಲ ಸಾಕಿತ್ತು.

ಮಾರ್ಕ್ ಹ್ಯೂಸ್ ಹದಿಮೂರನೆಯ ನಿಮಿಷದಲ್ಲಿ ವೇಲ್ಸ್ ಪರ ಗೋಲು ಗಳಿಸಿದರು. ವಿರಾಮದ ವೇಳೆ, ಗೋಲ್‌ಕೀಪರ್ ಜಿಮ್ ಲೇಟನ್ ತಮ್ಮ ಕಾಂಟ್ಯಾಕ್ಟ್ ಲೆನ್ಸ್ ಕಳೆದುಕೊಂಡಿರುವುದು ತಿಳಿಯಿತು. ಅವರು ಲೆನ್ಸ್ ಧರಿಸುತ್ತಾರೆಂಬುದೇ ಸ್ಟೀನ್ ಅವರಿಗಾಗಲಿ, ಅಬರ್ಡೀನ್‌ನಲ್ಲಿ ಲೇಟನ್ ಅವರ ವ್ಯವಸ್ಥಾಪಕರಾಗಿದ್ದ ಫರ್ಗ್ಯುಸನ್ ಅವರಿಗಾಗಲಿ ತಿಳಿದಿರಲಿಲ್ಲ. ದ್ವಿತೀಯಾರ್ಧಕ್ಕೆ ಅಲನ್ ರಫ್ ಗೋಲ್‌ಕೀಪರ್ ಆಗಿ ಇಳಿದರು. 81ನೆಯ ನಿಮಿಷದಲ್ಲಿ ದೊರೆತ ಪೆನಾಲ್ಟಿಯನ್ನು ಬದಲಿ ಆಟಗಾರ ಡೇವಿ ಕೂಪರ್ ಗೋಲಾಗಿಸಿದರು. ಪಂದ್ಯ 1–1ರಲ್ಲಿ ಮುಗಿಯುವ ಹೊತ್ತಿಗೆ ಸ್ಟೀನ್ ಕುಸಿದುಬಿದ್ದರು. ಅವರನ್ನು ಕ್ರೀಡಾಂಗಣದ ವೈದ್ಯಕೀಯ ಕೊಠಡಿಗೆ ಒಯ್ಯಲಾಯಿತು. ಸ್ವಲ್ಪ ಹೊತ್ತಿನಲ್ಲಿ ಅಲ್ಲೇ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 62 ವರ್ಷ. ಸುದ್ದಿ ತಿಳಿದ ಬಳಿಕ ಸ್ಕಾಟ್ಲೆಂಡ್ ಅಭಿಮಾನಿಗಳು ಸಂಭ್ರಮ ನಿಲ್ಲಿಸಿ ಕ್ರೀಡಾಂಗಣದ ಹೊರಗೆ ಮೌನವಾಗಿ ನಿಂತರು.

ಫರ್ಗ್ಯುಸನ್ ಅವರು 1965ರ ಸ್ಟೀನ್ ಅವರಂತೆಯೇ ತಮ್ಮ ಕ್ಲಬ್ ಹುದ್ದೆಯನ್ನು ಬಿಡದೆ ರಾಷ್ಟ್ರೀಯ ತಂಡದ ತಾತ್ಕಾಲಿಕ ಹೊಣೆ ಹೊತ್ತರು. ಪ್ಲೇಆಫ್‌ನಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿದ ಸ್ಕಾಟ್ಲೆಂಡ್ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಆಡಿತು. ಕೂಟ ಮುಗಿದ ಮೇಲೆ ಫರ್ಗ್ಯುಸನ್ ರಾಷ್ಟ್ರೀಯ ತಂಡದಿಂದ ಹಿಂದೆ ಸರಿದರು. 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು.

ಸ್ಮರಣೆ

ಸೆಲ್ಟಿಕ್ ಪಾರ್ಕ್‌ನ ಒಂದು ಪ್ರೇಕ್ಷಕಾಂಗಣಕ್ಕೆ ಸ್ಟೀನ್ ಅವರ ಹೆಸರಿಡಲಾಗಿದೆ. 2011ರಲ್ಲಿ ಕ್ರೀಡಾಂಗಣದ ಹೊರಗೆ, ಯುರೋಪಿಯನ್ ಕಪ್ ಹಿಡಿದು ನಿಂತ ಅವರ ಕಂಚಿನ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು. 2004ರಲ್ಲಿ ಆರಂಭವಾದ ಸ್ಕಾಟಿಷ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಮೊದಲ ಪಟ್ಟಿಯಲ್ಲೇ ಅವರ ಹೆಸರಿದೆ.

ವ್ಯವಸ್ಥಾಪಕನಾಗಿ ಪ್ರಮುಖ ಪ್ರಶಸ್ತಿಗಳು

ಡನ್‌ಫರ್ಮ್‌ಲಿನ್ ಅಥ್ಲೆಟಿಕ್
- ಸ್ಕಾಟಿಷ್ ಕಪ್: 1961

ಹೈಬರ್ನಿಯನ್
- ಸಮ್ಮರ್ ಕಪ್: 1964

ಸೆಲ್ಟಿಕ್
- ಯುರೋಪಿಯನ್ ಕಪ್: 1967
- ಸ್ಕಾಟಿಷ್ ಲೀಗ್: 10 ಬಾರಿ (1966ರಿಂದ 1974ರವರೆಗೆ ಸತತವಾಗಿ, ಮತ್ತು 1977)
- ಸ್ಕಾಟಿಷ್ ಕಪ್: 8 ಬಾರಿ
- ಸ್ಕಾಟಿಷ್ ಲೀಗ್ ಕಪ್: 6 ಬಾರಿ