ಹೋಳ್ಕರ ಮನೆಯ ಸೊಸೆ ಅಹಲ್ಯಾಬಾಯಿ

ನಮ್ಮ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿ, ಮುಂದೆ ಸೊಲ್ಲಾಪುರದ ಕಾಲೇಜುಗಳಲ್ಲಿ ಪದವಿ ಪಡೆಯುವ ಮಕ್ಕಳ ಪ್ರಮಾಣಪತ್ರದ ಮೇಲೆ ಒಬ್ಬ ಹೆಣ್ಣುಮಗಳ ಹೆಸರು ಇರುತ್ತದೆ. ಸೊಲ್ಲಾಪುರ ವಿದ್ಯಾಪೀಠಕ್ಕೆ 2019ರಲ್ಲಿ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರರ ಹೆಸರನ್ನು ಇಟ್ಟರು. ಆ ತಾಯಿಯ ಜಯಂತಿ ಮೇ 31ರಂದು, ನಮಗೆಲ್ಲ ಬೇಸಿಗೆಯ ರಜೆ ಇರುವಾಗ ಬರುತ್ತದೆ. ಆದ್ದರಿಂದ ವರ್ಗದಲ್ಲಿ ಅವರ ಕಥೆಯನ್ನು ಹೇಳುವ ಅವಕಾಶ ಕಡಿಮೆ. ಅದನ್ನು ಇಲ್ಲಿ ಹೇಳುತ್ತೇನೆ.

ಅಹಲ್ಯಾಬಾಯಿ ಹುಟ್ಟಿದ್ದು 1725ರಲ್ಲಿ, ಚೌಂಡಿ ಎಂಬ ಸಣ್ಣ ಹಳ್ಳಿಯಲ್ಲಿ. ಅದು ನಮ್ಮ ನೆರೆಯ ಅಹಮದನಗರ ಜಿಲ್ಲೆಯ ಜಾಮಖೇಡ ತಾಲೂಕಿನದು. 2024ರಿಂದ ಆ ಜಿಲ್ಲೆಗೂ ಅವರದೇ ಹೆಸರು. ತಂದೆ ಮಾಣಕೋಜಿ ಶಿಂದೆ ಊರಿನ ಪಾಟೀಲ. ಕುರಿ ಕಾಯುವ ಧನಗರ ಮನೆತನ, ನಮ್ಮ ಕಡೆಯ ಹಾಲುಮತದವರಂತೆ. 1733ರಲ್ಲಿ, ಇನ್ನೂ ಎಂಟು ವರ್ಷದ ಹುಡುಗಿ, ಮಾಳವದ ಸರದಾರ ಮಲ್ಹಾರರಾವ್ ಹೋಳ್ಕರರ ಒಬ್ಬನೇ ಮಗ ಖಂಡೇರಾವನ ಕೈಹಿಡಿದು ದೂರದ ಸೀಮೆಗೆ ಹೋದಳು. ಮಾಲೇರಾವ್, ಮುಕ್ತಾಬಾಯಿ ಎಂದು ಎರಡು ಮಕ್ಕಳಾದವು.

1754ರಲ್ಲಿ ಕುಂಭೇರಿ ಕೋಟೆಯ ಮುತ್ತಿಗೆಯಲ್ಲಿ ತೋಪಿನ ಗುಂಡು ತಗುಲಿ ಖಂಡೇರಾವ್ ತೀರಿಕೊಂಡ. ಇಪ್ಪತ್ತೆಂಟರ ಹರೆಯದ ಅಹಲ್ಯಾಬಾಯಿ ಸಹಗಮನಕ್ಕೆ ಸಿದ್ಧರಾದರು. ಆಗ ಅವರನ್ನು ತಡೆದವರು ಮಾವ ಮಲ್ಹಾರರಾವ್. ಮಗ ಹೋದ, ಇನ್ನು ನನಗೆ ನೀನೇ ಮಗ, ಈ ಮುಪ್ಪಿನಲ್ಲಿ ನನ್ನನ್ನು ಬಿಟ್ಟು ಹೋಗಬೇಡ ಎಂದು ಆ ಗಟ್ಟಿ ಎದೆಯ ಸಿಪಾಯಿ ಸೊಸೆಯ ಮುಂದೆ ಕಣ್ಣೀರು ಹಾಕಿದನೆಂದು ಹೇಳುತ್ತಾರೆ. ಸೊಸೆ ಚಿತೆಯಿಂದ ಹಿಂದೆ ಸರಿದಳು. ಮಕ್ಕಳೇ, ಈ ಸಂಗತಿಯನ್ನು ನೆನಪಿನಲ್ಲಿಡಿರಿ; ಇನ್ನೊಮ್ಮೆ ಇದಕ್ಕೆ ಬರಬೇಕಾಗಿದೆ.

ಮಾವ ಬರೀ ಬಾಯಿಮಾತಿಗೆ ಮಗನೆಂದಿರಲಿಲ್ಲ. ತಾನು ದಂಡಿನ ಮೇಲೆ ಹೋದಾಗ ಮನೆಯ ಲೆಕ್ಕ, ವಸೂಲಿ, ದಂಡಿನ ಸಾಮಾನು ಎಲ್ಲವನ್ನೂ ಸೊಸೆಗೆ ಒಪ್ಪಿಸುತ್ತಿದ್ದ. ದೊಡ್ಡ ತೋಪುಗಳನ್ನು ತೆಗೆದುಕೊಂಡು ಗ್ವಾಲಿಯರದ ಕಡೆಗೆ ನಡೆ ಎಂದು 1765ರಲ್ಲಿ ಸೊಸೆಗೆ ಕಾಗದ ಬರೆದ ಮಾವ ಅವನು! ಇಂದಿಗೂ ಎಷ್ಟು ಮನೆಗಳಲ್ಲಿ ಸೊಸೆಯ ಕೈಗೆ ಕಪಾಟಿನ ಕೀಲಿ ಕೊಡುತ್ತಾರೆ ಎಂಬುದನ್ನು ಪಾಲಕರೇ ಹೇಳಬೇಕು.

1766ರಲ್ಲಿ ಮಾವ ತೀರಿದರು. ಗಾದಿಗೆ ಬಂದ ಮಗ ಮಾಲೇರಾವ್ ಒಂದು ವರ್ಷ ತುಂಬುವುದರೊಳಗೆ ಕಣ್ಣು ಮುಚ್ಚಿದ. ಮನೆಯಲ್ಲಿ ಗಂಡು ದಿಕ್ಕಿಲ್ಲವೆಂದು ಕಂಡೊಡನೆ, ಹಳೆಯ ಕಾರಭಾರಿ ಗಂಗಾಧರ ಯಶವಂತನು ಒಂದು ಸಣ್ಣ ಹುಡುಗನನ್ನು ದತ್ತಕ ತೆಗೆದುಕೊಳ್ಳಿರಿ, ರಾಜ್ಯವನ್ನು ನಾನು ನೋಡಿಕೊಳ್ಳುತ್ತೇನೆ ಎಂಬ ಧಾಟಿಯಲ್ಲಿ ಮಾತು ತೆಗೆದ. ಪೇಶವೆಯ ಕಾಕಾ ರಘುನಾಥರಾಯನ ಬೆಂಬಲವೂ ಅವನಿಗಿತ್ತು. ಅಹಲ್ಯಾಬಾಯಿ ಒಪ್ಪಲಿಲ್ಲ. ಒಬ್ಬ ವಾರಸುದಾರನ ಹೆಂಡತಿ, ಇನ್ನೊಬ್ಬ ವಾರಸುದಾರನ ತಾಯಿ. ಮುಂದೆ ಯಾರೆಂದು ಆರಿಸುವ ಹಕ್ಕು ತನ್ನದು ಎಂದರು. ರಘುನಾಥರಾಯ ದಂಡು ತಂದಾಗ ತಾವೂ ದಂಡು ಕೂಡಿಸಿದರು. ಹೆಂಗಸಿನ ಮೇಲೆ ಗೆದ್ದರೆ ಕೀರ್ತಿಯಿಲ್ಲ, ಸೋತರೆ ಮುಖ ತೋರಿಸಲು ಜಾಗವಿಲ್ಲ ಎಂಬ ಅರ್ಥದ ನಿರೋಪ ಕಳಿಸಿದರೆಂದು ಪ್ರತೀತಿ. ಪುಣೆಯಿಂದ ಪೇಶವೆ ಮಾಧವರಾಯರೂ ಬಾಯಿಯ ಪಕ್ಷ ವಹಿಸಿದರು. ಕಾಳಗವಾಗಲಿಲ್ಲ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನ ಮಾತು: ಅದೇ ಗಂಗಾಧರ ಯಶವಂತನನ್ನು ಕ್ಷಮಿಸಿ ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಸೈನ್ಯವನ್ನು ತುಕೋಜಿ ಹೋಳ್ಕರನ ಕೈಗೆ ಕೊಟ್ಟರು. ಅವನು ವಯಸ್ಸಿನಲ್ಲಿ ಹಿರಿಯನಾದರೂ ಬಾಯಿಯನ್ನು ತಾಯಿ ಎಂದೇ ಕರೆಯುತ್ತಿದ್ದ.

ನರ್ಮದೆಯ ದಂಡೆಯ ಮಹೇಶ್ವರ ಅವರ ರಾಜಧಾನಿಯಾಯಿತು. ಅವರು ತೀರಿದ ಬಹಳ ದಿನಗಳ ಮೇಲೆ ಆ ಸೀಮೆಗೆ ಬಂದ ಜಾನ್ ಮಾಲ್ಕಂ ಎಂಬ ಬ್ರಿಟಿಷ್ ಅಧಿಕಾರಿ, ಕಂಡವರನ್ನೆಲ್ಲ ಕೇಳಿ ಅವರ ದಿನಚರಿಯನ್ನು ಬರೆದಿಟ್ಟ. ಸೂರ್ಯೋದಯಕ್ಕೆ ಒಂದು ತಾಸು ಮೊದಲೇ ಏಳುವುದು. ಪೂಜೆ, ಪುರಾಣಶ್ರವಣ, ದಾನ, ಸಪ್ಪೆ ಊಟ. ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ದರ್ಬಾರು. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಮತ್ತೆ ಕೆಲಸ. ಬೇಸಿಗೆಯಲ್ಲಿ ನೇಗಿಲು ಹೂಡಿದ ಎತ್ತುಗಳನ್ನು ನಿಲ್ಲಿಸಿ ನೀರು ಕುಡಿಸಲು ಹೊಲದ ಬದಿಗೆ ಆಳುಗಳನ್ನು ಇಟ್ಟಿದ್ದರಂತೆ. ರೈತರು ಹಕ್ಕಿಗಳನ್ನು ಓಡಿಸುತ್ತಾರೆಂದು, ನಿಂತ ಬೆಳೆಯ ಹೊಲಗಳನ್ನೇ ಕೊಂಡು ಹಕ್ಕಿಗಳಿಗೆ ಬಿಡುತ್ತಿದ್ದರಂತೆ. ಜೋಳದ ತೆನೆ ಬಂದಾಗ ಕವಣೆ ಹಿಡಿದು ಅಟ್ಟದ ಮೇಲೆ ನಿಂತ ನಮ್ಮ ಹುಡುಗರಿಗೆ ಇದರ ಬೆಲೆ ಗೊತ್ತು. ತಮ್ಮನ್ನು ಹೊಗಳಿ ಒಬ್ಬ ಬ್ರಾಹ್ಮಣ ಬರೆದು ತಂದ ಪುಸ್ತಕವನ್ನು ನರ್ಮದೆಗೆ ಎಸೆಯಿಸಿದರೆಂದೂ ಮಾಲ್ಕಂ ಹೇಳುತ್ತಾನೆ. ಅದಕ್ಕೇ ನಾನೂ ಸ್ವಲ್ಪ ಅಂಜಿಕೊಂಡೇ ಬರೆಯುತ್ತಿದ್ದೇನೆ.

ಕಾಶಿಯ ವಿಶ್ವನಾಥ ಗುಡಿಯನ್ನು 1780ರಲ್ಲಿ ಮತ್ತೆ ಕಟ್ಟಿಸಿದವರು ಇವರೇ. ಸೋಮನಾಥದಲ್ಲಿಯೂ ಗುಡಿ ಕಟ್ಟಿಸಿದರು. ಅಷ್ಟು ದೂರ ಹೋಗುವುದು ಬೇಡ; ಆಷಾಢೀ ವಾರಿಗೆ ಪಂಢರಪುರಕ್ಕೆ ಹೋದಾಗ ಹೋಳ್ಕರ ವಾಡೆಯನ್ನು, ಅಲ್ಲಿಯ ರಾಮಮಂದಿರವನ್ನು ನೋಡಿ ಬನ್ನಿರಿ. ಮಹೇಶ್ವರದಲ್ಲಿ ನೇಕಾರರನ್ನು ಕರೆತಂದು ನೆಲೆಗೊಳಿಸಿದರು. ಅಲ್ಲಿಯ ಸೀರೆಗಳು ಇಂದಿಗೂ ಪ್ರಸಿದ್ಧ. ಮಗ್ಗದ ಸದ್ದು ಕೇಳಿ ಬೆಳೆದ ಸೊಲ್ಲಾಪುರದವರಿಗೆ ಇದು ಹೊಸದೇನಲ್ಲ.

ಇಷ್ಟೆಲ್ಲ ಊರುಗಳಲ್ಲಿ ದೀಪ ಹಚ್ಚಿದವರ ಸ್ವಂತ ಮನೆ ಬರಿದಾಗುತ್ತ ನಡೆದಿತ್ತು. ಉಳಿದವಳು ಮಗಳು ಮುಕ್ತಾಬಾಯಿ. 1790ರ ಸುಮಾರಿಗೆ ಅವಳ ಒಬ್ಬನೇ ಮಗ ತೀರಿಕೊಂಡ. 1791ರಲ್ಲಿ ಅವಳ ಗಂಡ ಯಶವಂತರಾವ್ ಫಣಸೆಯೂ ಹೋದ. ಮುಕ್ತಾಬಾಯಿ ಸಹಗಮನಕ್ಕೆ ಹೊರಟಳು. ಮೂವತ್ತೇಳು ವರ್ಷಗಳ ಹಿಂದೆ ಮಾವ ತಮ್ಮ ಮುಂದೆ ಹೇಗೆ ಬೇಡಿಕೊಂಡಿದ್ದನೋ, ಹಾಗೆಯೇ ತಾಯಿ ಮಗಳ ಮುಂದೆ ಬೇಡಿಕೊಂಡರು. ಮಗಳು ಕೇಳಲಿಲ್ಲ. ನಿನಗೆ ವಯಸ್ಸಾಯಿತು, ನೀನು ಹೋದ ಮೇಲೆ ನನಗೆ ಯಾರಿದ್ದಾರೆ ಎಂಬುದು ಅವಳ ಉತ್ತರವಾಗಿತ್ತು. ಇಡೀ ಮಾಳವ ಅವರ ಮಾತು ಕೇಳುತ್ತಿತ್ತು; ಹೆತ್ತ ಮಗಳೊಬ್ಬಳು ಕೇಳಲಿಲ್ಲ. ತಾಯಿ ಚಿತೆಯ ಹತ್ತಿರದವರೆಗೆ ನಡೆದು ಹೋದರು. ಇಬ್ಬರು ಬ್ರಾಹ್ಮಣರು ಅವರ ಕೈಗಳನ್ನು ಹಿಡಿದುಕೊಂಡಿದ್ದರು. ಉರಿ ಎದ್ದಾಗ ಬಿಡಿಸಿಕೊಳ್ಳಲಾಗದೆ ತಮ್ಮ ಕೈಗಳನ್ನೇ ಕಚ್ಚಿಕೊಂಡರಂತೆ. ನರ್ಮದೆಯಲ್ಲಿ ಮಿಂದು ವಾಡೆಗೆ ಬಂದ ಮೇಲೆ ಮೂರು ದಿನ ಅನ್ನ ನೀರು ಸರಿಯಾಗಿ ಮುಟ್ಟಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ.

ಆಮೇಲೆ ಎದ್ದರು. ಮಗಳು ಅಳಿಯಂದಿರ ನೆನಪಿಗೆ ಒಂದು ಸುಂದರ ಛತ್ರಿ ಕಟ್ಟಿಸುವ ಕೆಲಸಕ್ಕೆ ಕೈ ಹಚ್ಚಿದರು. ಇನ್ನೂ ನಾಲ್ಕು ವರ್ಷ ಬದುಕಿ, 1795ರ ಆಗಸ್ಟ್ 13ರಂದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಮಹೇಶ್ವರದಲ್ಲಿ ಕಣ್ಣು ಮುಚ್ಚಿದರು.