ರಾಮಾನುಜನ್ ಸ್ಕಾಲರ್‌ಶಿಪ್ ಕಳೆದುಕೊಂಡಾಗ

ರಿಸಲ್ಟ್ ಬಂದ ದಿನ ನಮ್ಮಲ್ಲಿ ಎಷ್ಟೋ ಜನ ಮೊದಲು ನೋಡೋದು ರಿನ್ಯೂವಲ್‌ಗೆ ಬೇಕಾದಷ್ಟು ಅಂಕ ಬಂದಿದೆಯಾ ಅಂತ. ಮೊದಲ ವರ್ಷ ಸಿಕ್ಕ ಸ್ಕಾಲರ್‌ಶಿಪ್ಪನ್ನು ಎರಡನೇ ವರ್ಷಕ್ಕೂ ಉಳಿಸಿಕೊಳ್ಳುವುದು ಬೇರೆಯದೇ ಪಾಡು. ಆ ಪಾಡು ಪಟ್ಟವರಲ್ಲಿ ಶ್ರೀನಿವಾಸ ರಾಮಾನುಜನ್ ಕೂಡ ಒಬ್ಬರು. ಅವರ ಗಣಿತದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಹೇಳುತ್ತಿರೋದು ಅವರ ಫೀಸಿನ ಕಥೆ.

ಹುಟ್ಟಿದ್ದು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ, ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತರು, ಸಂಬಳ ತಿಂಗಳಿಗೆ ಸುಮಾರು 20 ರೂಪಾಯಿ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಒಂದಿಷ್ಟು ತರುತ್ತಿದ್ದರು. ಅದೂ ಸಾಲದೆ ಮನೆಯಲ್ಲಿ ಓದುವ ಹುಡುಗರನ್ನು ಊಟ, ವಸತಿಗೆ ಇಟ್ಟುಕೊಂಡಿದ್ದರು. 1904ರಲ್ಲಿ ಹೈಸ್ಕೂಲು ಮುಗಿದಾಗ ರಾಮಾನುಜನ್‌ಗೆ ಗಣಿತದ ಬಹುಮಾನ ಬಂತು. ಊರಿನ ಸರ್ಕಾರಿ ಕಾಲೇಜಿನಲ್ಲಿ ಎಫ್.ಎ. ಓದೋಕೆ ಸ್ಕಾಲರ್‌ಶಿಪ್ಪೂ ಸಿಕ್ಕಿತು. ಎಫ್.ಎ. ಅಂದರೆ ಡಿಗ್ರಿಗೆ ಹೋಗುವ ಮೊದಲ ಮೆಟ್ಟಿಲು.

ಅಷ್ಟರಲ್ಲಾಗಲೇ ಕಾರ್ ಎಂಬಾತ ಬರೆದ ದಪ್ಪನೆಯ ಗಣಿತದ ಪುಸ್ತಕ ಕೈಗೆ ಸಿಕ್ಕಿಬಿಟ್ಟಿತ್ತು. ಸಾವಿರಾರು ಸೂತ್ರಗಳು, ಸಾಧನೆ ಮಾತ್ರ ನೆಪಕ್ಕೆ. ಕ್ಲಾಸಿನಲ್ಲಿ ಬೇರೆ ಯಾವ ಪಾಠ ನಡೆದರೂ ಇವರು ಮಾಡುತ್ತಿದ್ದದ್ದು ಅದನ್ನೇ. ಇಂಗ್ಲಿಷ್ ಪ್ರಬಂಧದ ಪತ್ರಿಕೆಯಲ್ಲಿ ಫೇಲಾದರು, ಸ್ಕಾಲರ್‌ಶಿಪ್ ಹೋಯಿತು. ಒಂದು ಟರ್ಮಿನ ಫೀಸು 32 ರೂಪಾಯಿ. ಅಪ್ಪನ ಸಂಬಳದ ಜೊತೆ ಲೆಕ್ಕ ಹಾಕಿ ನೋಡಿ, ಒಂದೂವರೆ ತಿಂಗಳ ದುಡಿಮೆ! ತಾಯಿ ಹೋಗಿ ಪ್ರಿನ್ಸಿಪಾಲರ ಹತ್ತಿರ ವಾದ ಮಾಡಿದರೂ ನಡೆಯಲಿಲ್ಲ. ಕೆಲವು ತಿಂಗಳು ಹೇಗೋ ಹೆಣಗಾಡಿದ ಹುಡುಗ 1905ರ ಆಗಸ್ಟಿನಲ್ಲಿ ಯಾರಿಗೂ ಹೇಳದೆ ವಿಶಾಖಪಟ್ಟಣಕ್ಕೆ ಓಡಿಹೋದ. ಮನೆಯವರು ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿ ಹುಡುಕಬೇಕಾಯಿತು.

ಕಾಲೇಜನ್ನು ಬೈಯೋದು ಸುಲಭ. ಆದರೆ ಪ್ರತಿಭೆ ಕಂಡೇ ತಾನೇ ಅವರು ದುಡ್ಡು ಕೊಟ್ಟಿದ್ದು? ಒಂದು ವಿಷಯದಲ್ಲಿ ಬಿದ್ದವನಿಗೆ ಇನ್ನೊಂದು ಅವಕಾಶ ಕೊಡೋಕೆ ನಿಯಮದಲ್ಲಿ ಜಾಗ ಇರಲಿಲ್ಲ, ಅದೇ ನನಗೆ ಬೇಜಾರು.

1906ರಲ್ಲಿ ಮದ್ರಾಸಿನ ಪಚ್ಚೈಯಪ್ಪ ಕಾಲೇಜು ಸೇರಿದರು. ಗಣಿತ ಪರವಾಗಿಲ್ಲ, ಶರೀರಶಾಸ್ತ್ರ ತಲೆಗೇ ಹತ್ತಲಿಲ್ಲ. ನಡುವೆ ಕಾಯಿಲೆ ಬೇರೆ. ಎಫ್.ಎ. ಫೇಲು. ಮರುವರ್ಷ ಮತ್ತೆ ಕಟ್ಟಿದರು, ಮತ್ತೆ ಫೇಲು. ಟ್ಯೂಷನ್ ಹೇಳಿ ಬದುಕೋಣ ಅಂದರೆ ಪಾಠ ಸಿಲೆಬಸ್ ದಾಟಿ ಎಲ್ಲೆಲ್ಲೋ ಹೋಗುತ್ತಿತ್ತು. ಕಾಗದಕ್ಕೂ ದುಡ್ಡಿಲ್ಲ. ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಉತ್ತರವನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು.

1909ರಲ್ಲಿ ಮದುವೆಯಾಯಿತು. ಮರುವರ್ಷ ಅದೇ ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಬಾಗಿಲು ಬಾಗಿಲು ತಟ್ಟಲು ಹೊರಟರು. ಈ ಭಾಗ ನನಗೆ ತುಂಬಾ ಇಷ್ಟ. ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರ್ ರಾಮಸ್ವಾಮಿ ಅಯ್ಯರ್ ಹತ್ತಿರ ಗುಮಾಸ್ತೆ ಕೆಲಸ ಕೇಳಿದರು. ಭಾರತೀಯ ಗಣಿತ ಸಂಘವನ್ನು ಕಟ್ಟಿದ್ದೇ ಆ ಅಯ್ಯರ್. ನೋಟ್‌ಬುಕ್ ನೋಡಿದವರು ಈತನನ್ನು ಕಂದಾಯದ ಕಡತದಲ್ಲಿ ಹೂಳೋಕೆ ಮನಸ್ಸು ಬಾರದೆ, ಮದ್ರಾಸಿನ ಗಣಿತದವರಿಗೆ ಪರಿಚಯ ಪತ್ರ ಕೊಟ್ಟು ಕಳಿಸಿದರು. ಅಲ್ಲಿಂದ ಮುಂದೆ ಒಬ್ಬರು ಇನ್ನೊಬ್ಬರಿಗೆ ಬರೆದರು. ಕೊನೆಗೆ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಸಿಕ್ಕರು. ಅವರಿಗೂ ಮೊದಲು ನಂಬಿಕೆ ಬರಲಿಲ್ಲ. ಬಂದ ಮೇಲೆ, ಏನು ಬೇಕು ಅಂತ ಕೇಳಿದರು. ಊಟಕ್ಕೆ ಯೋಚನೆ ಇಲ್ಲದೆ ಕೆಲಸ ಮಾಡುವಷ್ಟು ಸಾಕು ಅಂದರು ರಾಮಾನುಜನ್. ರಾವ್ ತಮ್ಮ ಕೈಯಿಂದಲೇ ತಿಂಗಳಿಗೆ 25 ರೂಪಾಯಿ ಕೊಡತೊಡಗಿದರು.

ಇನ್ನೊಬ್ಬರ ದುಡ್ಡಿನಲ್ಲಿ ಎಷ್ಟು ದಿನ ಅಂತ 1912ರ ಮಾರ್ಚ್ 1ರಂದು ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿಯ ಗುಮಾಸ್ತೆ ಕೆಲಸಕ್ಕೆ ಸೇರಿದರು. 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಪತ್ರ ಬರೆದರು. ತಮಗೆ ವಿಶ್ವವಿದ್ಯಾಲಯದ ಓದಿಲ್ಲ, ಸಂಬಳ ವರ್ಷಕ್ಕೆ ಬರೀ 20 ಪೌಂಡು ಅನ್ನೋದನ್ನು ಅದರಲ್ಲಿ ಮುಚ್ಚಿಡಲಿಲ್ಲ. ಹಾರ್ಡಿಯ ಉತ್ತರ ಬಂದದ್ದೇ ಗಾಳಿ ತಿರುಗಿತು. ಎಂ.ಎ. ಆದವರಿಗಷ್ಟೇ ಮೀಸಲಾಗಿದ್ದ ಸಂಶೋಧನಾ ವೇತನವನ್ನು, ತಿಂಗಳಿಗೆ 75 ರೂಪಾಯಿ, ಮದ್ರಾಸ್ ವಿಶ್ವವಿದ್ಯಾಲಯ ಎಫ್.ಎ.ಯೂ ಪಾಸಾಗದ ಇವರಿಗೆ ಕೊಟ್ಟಿತು. ಮೂರು ತಿಂಗಳಿಗೊಂದು ವರದಿ ಕೊಡಬೇಕು, ಷರತ್ತು ಅಷ್ಟೇ.

1914ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಅದೇ ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ಕೊಟ್ಟಿತು, ಟ್ರಿನಿಟಿ ಕಾಲೇಜು 60 ಸೇರಿಸಿತು. ಅದರಲ್ಲೇ ಒಂದು ಪಾಲು ಕುಂಭಕೋಣದ ಮನೆಗೆ ಹೋಗುತ್ತಿತ್ತು. 1916ರಲ್ಲಿ ಸಂಶೋಧನೆಯ ಮೇಲೆ ಬಿ.ಎ. ಬಂತು, ಕಾಲೇಜು ಮೆಟ್ಟಿಲು ಹತ್ತಿದ ಹನ್ನೆರಡು ವರ್ಷಕ್ಕೆ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆ ಹೊತ್ತಿಗೆ ಆರೋಗ್ಯ ಪೂರಾ ಕೆಟ್ಟಿತ್ತು.

ಮದ್ರಾಸ್ ವಿಶ್ವವಿದ್ಯಾಲಯ ಮತ್ತೆ ವರ್ಷಕ್ಕೆ 250 ಪೌಂಡ್ ಮಂಜೂರು ಮಾಡಿದಾಗ, 1919ರ ಜನವರಿಯಲ್ಲಿ ರಾಮಾನುಜನ್ ರಿಜಿಸ್ಟ್ರಾರರಿಗೆ ಉತ್ತರ ಬರೆದರು. ಅಷ್ಟು ದುಡ್ಡು ತಮಗೆ ಬೇಡ, ಅಪ್ಪ ಅಮ್ಮನಿಗೆ ವರ್ಷಕ್ಕೆ 50 ಪೌಂಡ್ ಕೊಟ್ಟು, ತಮ್ಮ ಖರ್ಚು ಕಳೆದು ಉಳಿದದ್ದನ್ನು ಬಡ ಮತ್ತು ಅನಾಥ ಹುಡುಗರ ಶಾಲಾ ಫೀಸು ಇಳಿಸೋಕೆ, ಅವರಿಗೆ ಪುಸ್ತಕ ಕೊಡಿಸೋಕೆ ಬಳಸಿ ಅಂತ ಕೇಳಿಕೊಂಡರು. ಮುಂದಿನ ವರ್ಷ ಏಪ್ರಿಲ್ 26ರಂದು ತೀರಿಕೊಂಡಾಗ ಅವರಿಗೆ 32 ವರ್ಷ.