ನೆರಳುಗಳಿಂದ ಒಳಚಿತ್ರ ಬಿಡಿಸಿದ ಜಿ. ಎನ್. ರಾಮಚಂದ್ರನ್

ಸಿ.ಟಿ. ಸ್ಕ್ಯಾನ್ ಎಂಬ ಪದ ಶಿಕಾರಿಪುರ, ಸೊರಬದ ಮಕ್ಕಳಿಗೂ ಈಗ ಹೊಸದಲ್ಲ. ಆ ಚಿತ್ರ ಮೂಡಿಸುವ ಗಣಿತದಲ್ಲಿ ಬೆಂಗಳೂರಿನ ಪ್ರಾಧ್ಯಾಪಕರೊಬ್ಬರ ಪಾಲಿದೆ ಎಂಬುದು ಮಾತ್ರ ಪ್ರಶಿಕ್ಷಣಾರ್ಥಿಗಳಾದ ನಮ್ಮಲ್ಲೂ ಅನೇಕರಿಗೆ ತಿಳಿದಿಲ್ಲ. ಕ್ಷ-ಕಿರಣಗಳ ಪಾಠಕ್ಕೆ ಪೂರಕವಾಗಿ ಅವರ ಜೀವನವನ್ನು ಇಲ್ಲಿ ಸಂಗ್ರಹಿಸಿದ್ದೇನೆ.

ಜಿ. ಎನ್. ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಅಧ್ಯಾಪಕರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ಓದಲು ಬಂದರು. ಅವರ ಒಲವು ಭೌತಶಾಸ್ತ್ರದ ಕಡೆಗಿದೆ ಎಂದು ಗುರುತಿಸಿದ ಸಿ. ವಿ. ರಾಮನ್ ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಮುಂದೆ ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ಮುಗಿಸಿ 1949ರಲ್ಲಿ ಮರಳಿದರು. 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಹೊಣೆ ಹೊತ್ತರು. ಚರ್ಮ, ಮೂಳೆಗಳಲ್ಲಿರುವ ಕೊಲಾಜನ್ ಮೂರು ಎಳೆಗಳ ಹೊಸೆದ ಹಗ್ಗದಂತಿದೆ ಎಂದು ಗೋಪಿನಾಥ್ ಕರ್ತಾ ಅವರೊಡನೆ ತೋರಿಸಿದ್ದು ಅಲ್ಲಿಯೇ. ಪ್ರೋಟೀನ್‌ಗಳ ರಚನೆ ಪರೀಕ್ಷಿಸಲು ಇಂದಿಗೂ ಬಳಸುವ ರಾಮಚಂದ್ರನ್ ನಕ್ಷೆ 1963ರದು.

1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ ಅಣು ಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಸಾಮಾನ್ಯ ಕ್ಷ-ಕಿರಣ ಚಿತ್ರ ಒಂದು ನೆರಳು. ಎಲುಬು, ಶ್ವಾಸಕೋಶ, ಹೃದಯ ಒಂದರ ಮೇಲೊಂದು ಬೀಳುತ್ತವೆ. ಹಲವು ಕೋನಗಳ ನೆರಳುಗಳನ್ನು ಸೇರಿಸಿದರೆ ಒಳಗಿನ ಚಿತ್ರ ಬಿಡಿಸಬಹುದೆಂದು ಜೋಹಾನ್ ರಾಡಾನ್ 1917ರಲ್ಲೇ ಗಣಿತದಿಂದ ಸಾಧಿಸಿದ್ದರು. ಆದರೆ ನೆರಳುಗಳನ್ನು ಹಾಗೆಯೇ ಒಂದರ ಮೇಲೊಂದು ಹರಡಿದರೆ ಚಿತ್ರ ಮಸುಕಾಗುತ್ತದೆ. ಪ್ರತಿ ನೆರಳನ್ನೂ ಮೊದಲು ಕಾನ್ವಲ್ಯೂಷನ್ ಎಂಬ ಲೆಕ್ಕದಿಂದ ತಿದ್ದಿ ಆಮೇಲೆ ಹರಡುವ ವಿಧಾನವನ್ನು ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಪ್ರಕಟಿಸಿದರು. ಲೆಕ್ಕ ಹಗುರವಾಯಿತು, ಚಿತ್ರ ತಿಳಿಯಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿತು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಸಂದಿತು.

ಈ ಗಣಿತದ ಬೆಲೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎದ್ದು ಕಾಣುತ್ತದೆ. ಆರಂಭದಲ್ಲಿ ಈ ರೋಗಕ್ಕೆ ನೋವಿಲ್ಲ, ಹೆಚ್ಚಾಗಿ ಕೆಮ್ಮೂ ಇಲ್ಲ. ಹೆಚ್ಚು ಧೂಮಪಾನ ಮಾಡಿದವರಲ್ಲಿ ಕಡಿಮೆ ವಿಕಿರಣದ ಸಿ.ಟಿ. ತಪಾಸಣೆಯಿಂದ ಈ ಕ್ಯಾನ್ಸರಿನ ಸಾವು ಸುಮಾರು ಶೇ. 20ರಷ್ಟು ತಗ್ಗಿತೆಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2011ರಲ್ಲಿ ವರದಿ ಮಾಡಿತು. ಚಿತ್ರ ಗಡ್ಡೆಯನ್ನು ತೋರಿಸುವುದಷ್ಟೇ ಅಲ್ಲ, ಮುಂದೇನಾಗಬಹುದೆಂಬ ಸುಳಿವನ್ನೂ ಕೊಡುತ್ತದೆ. ಮಂಜು ಕವಿದ ಗಾಜಿನಂತೆ ಕಾಣುವ ಭಾಗವೇ ಹೆಚ್ಚಿರುವ ಸಣ್ಣ ಗಡ್ಡೆಗಳು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ. ಗಟ್ಟಿ ಭಾಗ ದೊಡ್ಡದಾದಷ್ಟೂ ಅಪಾಯ ಹೆಚ್ಚು. ಹಾಗೆಂದು ಚಿತ್ರವೇ ಕೊನೆಯ ತೀರ್ಪಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತಪಡಿಸಲು ಅಂಗಾಂಶದ ಪರೀಕ್ಷೆ ಬೇಕು.

ರಾಮಚಂದ್ರನ್ 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. ಕೊನೆಯ ವರ್ಷಗಳನ್ನು ಕಾಯಿಲೆಯಲ್ಲಿ ಕಳೆದ ಅವರು 2001ರ ಏಪ್ರಿಲ್ 7ರಂದು ನಿಧನರಾದರು.

ತರಗತಿಗೆ ಒಂದು ಚಟುವಟಿಕೆ: ನಾಲ್ಕು ಮನೆಗಳ ಚೌಕ ಬರೆದು, ಎದುರುಬದುರು ಮೂಲೆಯ ಎರಡು ಮನೆಗಳಲ್ಲಿ ಒಂದೊಂದು ಅಡಿಕೆ ಇಟ್ಟು ಮುಚ್ಚಿಡಿ. ಅಡ್ಡಸಾಲು, ಕಂಬಸಾಲುಗಳ ಮೊತ್ತ ಮಾತ್ರ ಹೇಳಿ. ಎಲ್ಲವೂ ಒಂದೇ ಆದ್ದರಿಂದ ಮಕ್ಕಳಿಗೆ ಎರಡು ಉತ್ತರಗಳು ಸಿಗುತ್ತವೆ. ಈಗ ಒಂದು ಓರೆಸಾಲಿನ ಮೊತ್ತ ಕೊಡಿ. ಉತ್ತರ ಒಂದೇ ಉಳಿಯುತ್ತದೆ. ಸ್ಕ್ಯಾನ್ ಯಂತ್ರ ರೋಗಿಯ ಸುತ್ತ ಏಕೆ ತಿರುಗುತ್ತದೆ ಎಂಬ ಪ್ರಶ್ನೆಯನ್ನು ಆಗ ಕೇಳಿದರೆ, ಉತ್ತರವನ್ನು ಮಕ್ಕಳೇ ಹೇಳುತ್ತಾರೆ.